ಗೆದ್ದಲಿನ ಗೆರೆ ಒರೆಸಬೇಡಿ, ಮೊದಲು ನೋಡಿ

ಕಳೆದ ತಿಂಗಳು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಬಚ್ಚಲುಮನೆ ಬಾಗಿಲ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲಕ್ಕೆ, ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದಿತ್ತು. ಕನ್ನಡಕ ತರೋಣ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಮೊಮ್ಮಗ ಒದ್ದೆ ಬಟ್ಟೆಯಲ್ಲಿ ಅದನ್ನು ನುಣ್ಣಗೆ ಒರೆಸಿ, "ಅಜ್ಜಿ, ಕ್ಲೀನ್ ಆಯ್ತು" ಎಂದು ನಿಂತಿದ್ದ. ನನಗೆ ಸಿಟ್ಟು ಬಂದಿದ್ದು ಅವನ ಅಮ್ಮನ ಮೇಲೆ. ಮಲೆನಾಡಿನ ಮನೆಯಲ್ಲಿ ಹುಟ್ಟಿ ಬೆಳೆದವಳು, ಅವಳಿಗಾದರೂ ಗೊತ್ತಿರಬೇಡವಾ? ಇದನ್ನೇ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಗೆರೆ ಕಂಡ ಕೂಡಲೇ ಒರೆಸುವುದು, ಇಲ್ಲವೇ ಜಿರಳೆಗೆ ಹೊಡೆಯುವ ಸ್ಪ್ರೇ ತಂದು ಪುಸ್ ಅನ್ನಿಸುವುದು. ಆಮೇಲೆ 2 ವರ್ಷಕ್ಕೆ ಬಾಗಿಲ ಚೌಕಟ್ಟು ಕೈಗೆ ಬಂತು ಅಂತ ಫೋನು ಮಾಡುವುದು.

ಗೆದ್ದಲಿಗೆ ನಮ್ಮ ಕಡೆ ಒರಲೆ ಅನ್ನುತ್ತೇವೆ. ಅದರ ಮೈ ಬೆಳ್ಳಗೆ, ಮೆತ್ತಗೆ. ಕೆಲಸ ಮಾಡುವ ಹುಳಕ್ಕೆ ಕಣ್ಣು ಕಾಣುವುದಿಲ್ಲ. ಒಣ ಗಾಳಿಗೆ ಸಿಕ್ಕಿದರೆ ಒಣಗಿ ಸಾಯುತ್ತದೆ. ಅದಕ್ಕೇ ನೆಲದೊಳಗಿನ ಗೂಡಿನಿಂದ ಮರ ಇರುವಲ್ಲಿಯವರೆಗೆ ಮಣ್ಣಿಗೆ ಜೊಲ್ಲು ಕಲಸಿ, ಮೇಲೆ ಮುಚ್ಚಿದ ದಾರಿ ಕಟ್ಟಿಕೊಂಡು ಬರುತ್ತದೆ. ಆ ದಾರಿ ನೋಡಿದರೆ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ಗೊತ್ತಾಗುತ್ತದೆ. ಒರೆಸಿದರೆ ಹೋಗುವುದು ಗುರುತು ಮಾತ್ರ, ಹುಳ ಹಾಗೇ ಇರುತ್ತದೆ. ಗೋಡೆಯ ಬಿರುಕಿನಿಂದಲೋ, ವೈರಿನ ಪೈಪಿನಿಂದಲೋ ಇನ್ನೊಂದು ಕಡೆ ಏಳುತ್ತದೆ. ಮೇಲಿನ ಮಹಡಿಗೆ ಬರುವುದಿಲ್ಲ ಅಂದುಕೊಳ್ಳಬೇಡಿ, ನೀರಿನ ಪೈಪಿನ ಡಕ್ಟು ಹಿಡಿದು ಅಲ್ಲಿಗೂ ಬರುತ್ತದೆ.

ಗೆರೆ ಹೊರಗೆ ಕಾಣುವ ಮೊದಲೇ ಬೇರೆ ಗುರುತುಗಳು ಇರುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮಳೆಹುಳ ಮುತ್ತುತ್ತವಲ್ಲ, ಅವು ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ಬೆಳಕಿಗೆ ಬಂದರೆ ಹೆದರಬೇಕಿಲ್ಲ, ಅದು ಪ್ರತಿ ವರ್ಷದ್ದು. ಆದರೆ ಕಿಟಕಿ ಬಾಗಿಲು ಹಾಕಿದ್ದಾಗಲೂ ಬೆಳಿಗ್ಗೆ ಗೋಡೆ ಮೂಲೆಯಲ್ಲಿ ಉದುರಿದ ರೆಕ್ಕೆಗಳು ರಾಶಿ ಬಿದ್ದಿದ್ದರೆ, ಅಥವಾ ಒಳಗಿನ ಬಿರುಕಿನಿಂದಲೇ ಅವು ಹೊರಡುವುದು ಕಂಡರೆ, ಗೂಡು ನಿಮ್ಮ ಮನೆ ಅಡಿಯಲ್ಲೇ ಇದೆ. ರೆಕ್ಕೆ ಬಂದ ಇರುವೆ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇರುವೆಗೆ ಸಣ್ಣ ಸೊಂಟ, ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿಗೆ ಸೊಂಟವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಅಳತೆ. ಇನ್ನು ಮಳೆಗಾಲದಲ್ಲಿ ನಮ್ಮ ಕಡೆ ಜನ ಹುಡುಕಿಕೊಂಡು ಹೋಗಿ ಕೀಳುವ ಹೆಗ್ಗಾಲಣಬೆ ಏಳುವುದೂ ಗೆದ್ದಲಿನ ಗೂಡಿನ ಮೇಲೇ. ಅದು ನಿಮ್ಮ ಗೋಡೆ ಬುಡದಲ್ಲೇ ಎದ್ದರೆ ಸಾರು ಮಾಡುವ ಮೊದಲು ಗೋಡೆಯ ಒಳಮೈ ನೋಡಿ.

ಗೋಡೆಯ ಬಣ್ಣ ಉಬ್ಬುವುದೂ ಗೆದ್ದಲಿನ ಗುರುತೇ, ಆದರೆ ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಅಂಟಿಸಿದ ಹಾಗೆ ಹಿಡಿದು ಬೆಳಕು ಅಡ್ಡಕ್ಕೆ ಬಿಡಿ. ಸಣ್ಣ ಉಬ್ಬು ತಗ್ಗು ಎಲ್ಲಾ ನೆರಳು ಬೀಳುತ್ತದೆ. ಬಾಗಿಲು ಬಿಗಿಯಾಗುವುದೂ ಒಂದು ಗುರುತೇ. ಮಳೆಗಾಲದಲ್ಲಿ ಎಲ್ಲಾ ಬಾಗಿಲೂ ಬಿಗಿಯಾಗುತ್ತವೆ, ಅದು ಲೆಕ್ಕಕ್ಕಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲೂ ಒಂದೇ ಒಂದು ಬಾಗಿಲು ಬಿಗಿಯಾಗಿದ್ದರೆ ಅದರ ಬುಡ ನೋಡಿ. ಚೌಕಟ್ಟನ್ನು ಸೌಟಿನ ಹಿಡಿಯಿಂದ ಬುಡದಿಂದ ಮೇಲಕ್ಕೆ ಬಡಿಯುತ್ತಾ ಹೋಗಿ, ಹಲಸಿನ ಹಣ್ಣು ಬಡಿದು ನೋಡುವ ಹಾಗೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ತಿಂದ ಮರ ಡಬ್ ಡಬ್. ಬಡಿದ ಕೂಡಲೇ ಕಿವಿ ಇಟ್ಟರೆ ಒಳಗೆ ಸರಸರ ಶಬ್ದ ಬರಬಹುದು, ಹುಳ ಗಾಬರಿಯಾಗಿ ಮರಕ್ಕೆ ತಲೆ ಕುಟ್ಟುವ ಶಬ್ದ ಅದು. ಅನುಮಾನ ಬಂದಲ್ಲಿ ಗೋಣಿ ಹೊಲಿಯುವ ದಬ್ಬಳ ಚುಚ್ಚಿ ನೋಡಿ. ತೇಗದ ಮರ, ಏನೂ ಆಗದು ಅಂತ ಕೂರಬೇಡಿ. ತೇಗದಲ್ಲೂ ಒಳಗಿನ ಗಟ್ಟಿ ಚೇಗು ಮಾತ್ರ ತಡೆಯುತ್ತದೆ, ಹೊರಗಿನ ಬಿಳಿ ಭಾಗವನ್ನು ಹುಳ ತಿನ್ನುತ್ತದೆ. ಈಗಿನ ಪ್ಲೈವುಡ್ಡಿನ ಕಪಾಟಂತೂ ಮೇಲೆ ಸನ್‌ಮೈಕಾ ಹೊಳೆಯುತ್ತಾ ಇರುತ್ತದೆ, ಒಳಗೆ ಬರೀ ಮಣ್ಣು.

ಮರದಲ್ಲಿ ಗುಂಡುಸೂಜಿ ತೂತಿನಂಥ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ ಹುಳ, ಅದರ ಉಪಾಯ ಬೇರೆ. ಗಸಗಸೆಯಂಥ ಕಾಳು ಕಾಳು ಹಿಕ್ಕೆ ಬಿದ್ದಿದ್ದರೆ ಒಣ ಮರದೊಳಗೇ ಬದುಕುವ ಗೆದ್ದಲು, ಅದು ಮಣ್ಣಿನ ಗೆರೆ ಕಟ್ಟುವುದಿಲ್ಲ. ಕಿಟಕಿ ಮೂಲೆಯಲ್ಲಿ ಉಂಡೆ ಉಂಡೆ ಮಣ್ಣು ಇದ್ದರೆ ಕಣಜದ ಗೂಡು, ಸುಮ್ನೆ ಗಾಬರಿಯಾಗಬೇಡಿ.

ಈಗ ಗೆರೆ ಕಂಡಾಗ ಏನು ಮಾಡಬೇಕು ಎಂದು ಹೇಳುತ್ತೇನೆ. ನನ್ನ ಅತ್ತೆ ಕಲಿಸಿದ್ದು, ನಾನು 40 ವರ್ಷದಿಂದ ತಪ್ಪದೆ ಮಾಡುತ್ತಿದ್ದೇನೆ. ಗೆರೆಯ ಬುಡ ಮುಟ್ಟಬಾರದು, ತುದಿಯನ್ನೂ ಮುಟ್ಟಬಾರದು. ನಡುವೆ ಮಾತ್ರ, ಎರಡು ಬೆರಳಗಲ, ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಕೈಯಿಂದ ಉಜ್ಜಬೇಡಿ, ಉಜ್ಜಿದರೆ ಅಂಚು ಕಲಸಿ ಹೋಗುತ್ತದೆ. ತೆಗೆದ ಕೂಡಲೇ ಒಳಗೆ ನೋಡಿ. ಬಿಳಿ ಹುಳ ಓಡಾಡಿದರೆ ದಾರಿ ಇನ್ನೂ ನಡೆಯುತ್ತಿದೆ ಎಂದು ಅಲ್ಲೇ ಗೊತ್ತಾಯಿತು. ಏನೂ ಕಾಣದಿದ್ದರೂ ನಿಶ್ಚಿಂತೆ ಬೇಡ. ತೆಗೆದ ಜಾಗದ ಎರಡೂ ಅಂಚಿಗೆ ಸೀಮೆಸುಣ್ಣದಲ್ಲಿ ಒಂದೊಂದು ಅಡ್ಡಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ತಾರೀಕು ಬರೆಯದೆ "ನೆನಪಿರುತ್ತೆ" ಅನ್ನುವವರಿಗೆ ಮೂರನೇ ದಿನ ಯಾವುದೂ ನೆನಪಿರುವುದಿಲ್ಲ. ಆ ಜಾಗಕ್ಕೆ ಸೀಮೆಎಣ್ಣೆ, ಫಿನಾಯಿಲ್, ಅರಿಶಿನ ಏನೂ ಹಚ್ಚಬೇಡಿ. ವಾಸನೆ ಬಡಿದರೆ ಹುಳ ದಾರಿ ಬದಲಿಸುತ್ತದೆ, ಆಮೇಲೆ ನೀವು ಮತ್ತೆ ಹುಡುಕುತ್ತಾ ಕೂರಬೇಕು. ಕೆಲಸದವಳಿಗೂ ಅಲ್ಲಿ ಒರೆಸಬೇಡ ಎಂದು ಮೊದಲೇ ಹೇಳಿಡಿ. ಮಾರನೇ ದಿನ ಬೆಳಿಗ್ಗೆ ನೋಡಿ, ಸಂಜೆ ಮತ್ತೆ ನೋಡಿ. ಹೊಸದಾಗಿ ಮೆತ್ತಿದ ಮಣ್ಣು ಹಳೆಯದಕ್ಕಿಂತ ಕಪ್ಪಗೆ, ಹಸಿಯಾಗಿ, ಬೆರಳಿಗೆ ತಣ್ಣಗೆ ಇರುತ್ತದೆ. ಅದು ಕಂಡರೆ ಗೆರೆಯನ್ನು ಬುಡದ ಕಡೆಗೆ ಹಿಂಬಾಲಿಸಿ, ನೆಲದಲ್ಲೋ ಗೋಡೆಯಲ್ಲೋ ಅದು ಎಲ್ಲಿ ಒಳಗೆ ಹೋಗುತ್ತದೆ ಎಂದು ನೋಡಿ ಅಲ್ಲೂ ಗುರುತು ಹಾಕಿ. ನಾಲ್ಕೈದು ದಿನವಾದರೂ ಮುಚ್ಚದಿದ್ದರೆ ಆ ದಾರಿ ಬಿಟ್ಟಿರಬಹುದು. ಮನೆ ಬಿಟ್ಟಿದೆ ಅಂತ ಅರ್ಥ ಅಲ್ಲ. ಆ ಗೋಡೆಯ ಇನ್ನೊಂದು ಮೈ ನೋಡಬೇಕು.

ಅತ್ತೆ ಇದನ್ನು ಕಲಿತಿದ್ದು ನಷ್ಟ ಮಾಡಿಕೊಂಡು. ಅಟ್ಟದ ಮೇಲೆ ಮಾವನ ಅಡಿಕೆ ಲೆಕ್ಕದ ಪುಸ್ತಕ, ಜಮೀನಿನ ಕಾಗದ ಇಟ್ಟ ಮರದ ಪೆಟ್ಟಿಗೆ ಇತ್ತಂತೆ. ಗೋಡೆಗೆ ತಾಗಿಸಿ ಇಟ್ಟಿದ್ದರು. ಹೊರಗೆ ಬಣ್ಣ ಹಾಗೇ ಇತ್ತು. ಒಂದು ದಿನ ಎತ್ತಲು ಹೋದರೆ ಹೂವಿನ ಬುಟ್ಟಿಯಷ್ಟು ಹಗುರ. ಮುಚ್ಚಳ ತೆಗೆದರೆ ಕಾಗದದ ಜಾಗದಲ್ಲಿ ಮಣ್ಣಿನ ಪದರ. ಅದರ ಹಿಂದಿನ ಗೋಡೆಯಲ್ಲಿ ಗೆರೆ ಇತ್ತು, ಹಬ್ಬಕ್ಕೆ ಧೂಳು ಹೊಡೆಯುವಾಗ ಪ್ರತಿ ವರ್ಷ ಗುಡಿಸಿ ಹಾಕುತ್ತಿದ್ದರು. ಅತ್ತೆ ಅದನ್ನು ಹೇಳುವಾಗೆಲ್ಲ ದನಿ ಸಣ್ಣಗಾಗುತ್ತಿತ್ತು. ಆಮೇಲಿಂದ ಅವರು ಯಾವ ಪೆಟ್ಟಿಗೆಯನ್ನೂ ಗೋಡೆಗೆ ತಾಗಿಸಿ ಇಡಲು ಬಿಡಲಿಲ್ಲ. ಕೈ ಆಡುವಷ್ಟು ಸಂದು ಇರಲೇಬೇಕು.

ನೀವೂ ಬೀರು ಕಪಾಟುಗಳನ್ನು ವರ್ಷಕ್ಕೆ ಎರಡು ಸಲ ಗೋಡೆಯಿಂದ ಸರಿಸಿ ಹಿಂದೆ ನೋಡಿ. ಸರಿಸಲು ಖಾಲಿ ಮಾಡಲೇಬೇಕಲ್ವಾ, ಹಾಗೇ ರೇಷ್ಮೆ ಸೀರೆಗಳ ಮಡಿಕೆಯನ್ನೂ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜರಿ ಅದೇ ಗೆರೆಯಲ್ಲಿ ಸೀಳುತ್ತದೆ. ಮದುವೆ ಸೀರೆ ಸೀಳಿತು ಅಂತ ಅಳುವ ಹುಡುಗಿಯರು ಅದನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೇ ತೆಗೆದಿರುವುದಿಲ್ಲ.

ಸೌದೆ, ರಟ್ಟಿನ ಪೆಟ್ಟಿಗೆ, ಹಳೇ ಪೇಪರು ಗೋಡೆಗೆ ತಾಗಿಸಿ ಇಡಬೇಡಿ. ನೆಲ ಒರೆಸುವಾಗ ಚೌಕಟ್ಟಿನ ಬುಡದಲ್ಲಿ ನೀರು ನಿಲ್ಲಿಸಬೇಡಿ. ಮನೆ ಕಟ್ಟಿಸುವವರು ಸೆಂಟ್ರಿಂಗ್ ಹಲಗೆ ತುಂಡುಗಳನ್ನು ನೆಲದ ಮಣ್ಣಿನಲ್ಲಿ ಹೂತು ಹೋಗದ ಹಾಗೆ ನಿಂತು ನೋಡಿಕೊಳ್ಳಿ. ನಮ್ಮ ಹೊಸ ಕೋಣೆ ಕಟ್ಟಿದ ಮೇಸ್ತ್ರಿ ಹಾಗೇ ಹೂತು ಹೋಗಿದ್ದ, ನಾಲ್ಕು ವರ್ಷಕ್ಕೆ ಆ ಕೋಣೆಯ ಬಾಗಿಲು ಬದಲಿಸಬೇಕಾಯಿತು.

ಮಗಳ ಮನೆಯಲ್ಲಿ ಒರೆಸಿದ ಗೆರೆ ಆರನೇ ದಿನ ಬೇರೆ ಕಡೆ ಎದ್ದಿತು, ವಾಷಿಂಗ್ ಮೆಷಿನ್ನಿನ ಹಿಂದೆ. ಈ ಸಲ ಮೊಮ್ಮಗನ ಕೈಗೇ ಚಾಕು, ಸೀಮೆಸುಣ್ಣ ಕೊಟ್ಟೆ. ಎರಡು ಬೆರಳಗಲ ತೆಗೆದು ತಾರೀಕು ಬರೆದ. ಬೆಳಿಗ್ಗೆ ಎದ್ದವನೇ ಓಡಿ ಹೋಗಿ ನೋಡಿ ಕೂಗಿದ, ಮುಚ್ಚಿಬಿಟ್ಟಿದೆ ಅಂತ. ಕೆಳಗೆ ಹಿಂಬಾಲಿಸಿದರೆ ಪೈಪಿನ ಡಕ್ಟಿನೊಳಗೆ, 3 ವರ್ಷದ ಹಿಂದೆ ಮೆಷಿನ್ ಬಂದಾಗ ತುರುಕಿಟ್ಟ ರಟ್ಟಿನ ಪೆಟ್ಟಿಗೆ. ಅರ್ಧ ಮಣ್ಣಾಗಿತ್ತು. ಔಷಧಿ ಹಾಕುವವರು ಬಂದಾಗ ಎಲ್ಲಿ ಅಂತ ಕೇಳಬೇಕಾಗಲಿಲ್ಲ. ಗೋಡೆ ನೆಲ ಸೇರುವಲ್ಲಿ ಒಂದು ಅಡಿಗೊಂದರಂತೆ ತೂತು ಕೊರೆದು ಒಳಗೆ ಔಷಧಿ ಬಿಟ್ಟು ಮುಚ್ಚಿದರು. ಮೇಲೆ ಮೇಲೆ ಸಿಂಪಡಿಸಿ ಹೋಗುವವರಾಗಿದ್ದರೆ ನಾನು ದುಡ್ಡು ಕೊಡಿಸುತ್ತಿರಲಿಲ್ಲ. ಗೆರೆಯನ್ನು ಮಾತ್ರ ಇನ್ನೂ ಒರೆಸಲು ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ಬೆರಳಗಲ ತೆಗೆದು ತಾರೀಕು ಬರೆದು ನನಗೆ ಫೋಟೋ ಕಳಿಸು ಎಂದು ಮೊಮ್ಮಗನಿಗೆ ಹೇಳಿ ಬಂದಿದ್ದೇನೆ, ಮೊದಲ ಮಳೆ ಕಳೆಯುವವರೆಗೆ.