ರೇಲಿಗೆ ಉಜ್ಜಿಹೋದ ಮುಖ: ದುರಂತದ ಚಿತ್ರ ಬಳಸಿದ ನನ್ನ ಅನುಭವ

ಸ್ಕೇಟ್‌ಬೋರ್ಡ್ ಡೆಕ್‌ಗಳಿಗೆ, ಅಂದರೆ ಸವಾರ ನಿಲ್ಲುವ ಮರದ ಹಲಗೆಗಳಿಗೆ, ಚಿತ್ರ ವಿನ್ಯಾಸ ಮಾಡಿಕೊಡುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಹೊಸ ಸರಣಿಗಾಗಿ, ಬೆಂಕಿ ಅವಘಡವೊಂದರ ಹಳೆಯ ಪತ್ರಿಕಾ ಛಾಯಾಚಿತ್ರವನ್ನು ಆರಿಸಿಕೊಂಡೆ. ಹೊಗೆಯ ನಡುವಿನಿಂದ ಹೊರಬರುತ್ತಿದ್ದ ಹೆಂಗಸೊಬ್ಬಳ ಮುಖವೇ ಆ ಚಿತ್ರದ ಜೀವಾಳವಾಗಿತ್ತು. ಹಕ್ಕುಸ್ವಾಮ್ಯವಿದ್ದ ಸಂಸ್ಥೆಗೆ ಶುಲ್ಕ ಕಟ್ಟಿ ಪರವಾನಗಿ ಪಡೆದೆವು. ಚಿತ್ರವನ್ನು ದಪ್ಪ ಚುಕ್ಕಿಗಳ ಹಾಫ್‌ಟೋನಿಗೆ ಒಡೆದು, ಕಪ್ಪು ಮತ್ತು ಕಿತ್ತಳೆ ಎರಡೇ ಬಣ್ಣಗಳಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಿದೆ. ನೋಡಲು ಅದು ಬಹಳ ಚೆನ್ನಾಗಿತ್ತು, ಆ ಮಾತನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ.

ಆಗ ನನ್ನ ಬಳಿ ಸಮರ್ಥನೆಗಳಿಗೇನೂ ಕೊರತೆಯಿರಲಿಲ್ಲ. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1960ರ ದಶಕದ ಆರಂಭದಲ್ಲೇ ಕಾರು ಅಪಘಾತಗಳ ಸುದ್ದಿಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ಸಾಲುಸಾಲಾಗಿ ಅಚ್ಚೊತ್ತಿದ್ದರು. 1937ರ ಮೇ 6ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಉರಿದು 36 ಮಂದಿ ಸತ್ತ ದೃಶ್ಯವು 1969ರಲ್ಲಿ ಲೆಡ್ ಜೆಪ್ಲಿನ್ ರಾಕ್ ಸಂಗೀತ ತಂಡದ ಮೊದಲ ಆಲ್ಬಂನ ಹೊದಿಕೆಯಾಗಿತ್ತು. ನೋಡುವವರನ್ನು ಬೆಚ್ಚಿಬೀಳಿಸುವುದಂತೂ 1990ರ ದಶಕದಿಂದೀಚೆಗೆ ಡೆಕ್ ಚಿತ್ರಕಲೆಯ ಅಭ್ಯಾಸವೇ ಆಗಿಬಿಟ್ಟಿದೆ.

ನನ್ನ ಮನಸ್ಸು ಬದಲಾದದ್ದು ಯಾವ ವಾದದಿಂದಲೂ ಅಲ್ಲ, ಒಂದು ಮಾದರಿ ಡೆಕ್‌ನಿಂದ. ಅದನ್ನು ಎರಡು ವಾರ ಓಡಿಸಿ ನೋಡಲು ಗೆಳೆಯನೊಬ್ಬನಿಗೆ ಕೊಟ್ಟಿದ್ದೆ. ಚಿತ್ರವಿರುವುದು ಡೆಕ್‌ನ ಕೆಳಮೈಯಲ್ಲಿ. ಮುಂದಿನ ಮತ್ತು ಹಿಂದಿನ ಟ್ರಕ್‌ಗಳ (ಚಕ್ರಗಳನ್ನು ಹಿಡಿದಿಡುವ ಲೋಹದ ಅಚ್ಚುಗಳ) ನಡುವೆ ಅಡಚಣೆಯಿಲ್ಲದ ಜಾಗ ಹೆಚ್ಚಾಗಿರುವುದರಿಂದ ನಾವು ಮುಖವನ್ನು ಸಾಮಾನ್ಯವಾಗಿ ಅಲ್ಲಿಯೇ ಕೂರಿಸುತ್ತೇವೆ, ಬೋರ್ಡ್‌ಸ್ಲೈಡ್ ಮಾಡುವಾಗ, ಅಂದರೆ ಡೆಕ್‌ನ ನಡುಭಾಗವನ್ನು ಕಬ್ಬಿಣದ ಕಂಬಿಯ ಮೇಲೆ ಅಡ್ಡಲಾಗಿಟ್ಟು ಜಾರುವಾಗ, ಆ ರೇಲಿಗೆ ಉಜ್ಜುವುದೂ ಅದೇ ಜಾಗ. ಡೆಕ್ ಮರಳಿ ಬಂದಾಗ ಜ್ವಾಲೆಗಳು ಹಾಗೆಯೇ ಉಳಿದಿದ್ದವು. ಆ ಹೆಂಗಸಿನ ಕಣ್ಣಿನಿಂದ ಗಲ್ಲದವರೆಗೆ ಮಾತ್ರ ಬಣ್ಣ ಕಿತ್ತುಹೋಗಿ, ಕೆಳಗಿನ ಮೇಪಲ್ ಪದರ ಬಿಳಿಚಿಕೊಂಡು ಕಾಣುತ್ತಿತ್ತು. ಗೋಡೆಯ ಮೇಲಿನ ಕ್ಯಾನ್ವಾಸಿಗೂ ಆಲ್ಬಂನ ಹೊದಿಕೆಗೂ ಇಲ್ಲದ ಪಾಡು ಇದು. ಉಜ್ಜಿಸಿಕೊಳ್ಳಲೆಂದೇ ಮಾರುವ ವಸ್ತುವಿನ ಮೇಲೆ, ಉಜ್ಜಿಹೋಗುವ ಜಾಗವನ್ನೇ ಹುಡುಕಿ, ನಾನು ಒಬ್ಬ ಸಂತ್ರಸ್ತೆಯ ಮುಖವನ್ನು ಇಟ್ಟಿದ್ದೆ.

ಪರವಾನಗಿ ಪತ್ರವನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ಛಾಯಾಗ್ರಾಹಕರ ಹಕ್ಕಿನ ಮಾತಿತ್ತೇ ಹೊರತು ಆಕೆಯ ಒಪ್ಪಿಗೆಯ ಮಾತಿರಲಿಲ್ಲ. ಚಿತ್ರದ ಅಡಿಬರಹದಲ್ಲಿ ಆಕೆಯ ಹೆಸರು ಕೂಡ ಇರಲಿಲ್ಲ. ಇಲ್ಲಿ ನನಗೆ ನೆನಪಾದದ್ದು, 1963ರ ಜೂನ್ 11ರಂದು ವಿಯೆಟ್ನಾಂನ ಸೈಗಾನ್‌ನಲ್ಲಿ ಬೌದ್ಧ ಭಿಕ್ಷು ತಿಕ್ ಕ್ವಾಂಗ್ ಡುಕ್ ಆತ್ಮಾಹುತಿ ಮಾಡಿಕೊಂಡಾಗ ಮಾಲ್ಕಮ್ ಬ್ರೌನ್ ತೆಗೆದ ಚಿತ್ರ. ಅಲ್ಲಿ ಪತ್ರಕರ್ತರಿಗೆ ಮೊದಲೇ ಸುದ್ದಿ ಮುಟ್ಟಿಸಲಾಗಿತ್ತು. ಲೋಕ ನೋಡಲೆಂಬುದೇ ಆ ಪ್ರತಿಭಟನೆಯ ಉದ್ದೇಶವಾಗಿತ್ತು. ನನ್ನ ಚಿತ್ರದ ಹೆಂಗಸು ಯಾರಿಗೂ ಏನನ್ನೂ ಹೇಳಲು ಹೊರಟಿರಲಿಲ್ಲ, ಜೀವ ಉಳಿಸಿಕೊಳ್ಳಲು ಓಡುತ್ತಿದ್ದಳು. (ಹಾಗೆಂದು ಭಿಕ್ಷುವಿನ ಚಿತ್ರವನ್ನಾದರೂ ಡೆಕ್‌ಗೆ ಹಾಕುತ್ತೇನೆಯೇ ಎಂದರೆ, ಇಲ್ಲ. ರೇಲು ಅಲ್ಲಿಯೂ ರೇಲೇ.)

ಕಂಪನಿಯವರು ಮಾರಾಟದ ಒಂದು ಪಾಲನ್ನು ಅಗ್ನಿ ಸಂತ್ರಸ್ತರ ನೆರವಿಗೆ ಕೊಡೋಣವೆಂದರು. ಕೊಡುವುದು ಒಳ್ಳೆಯದೇ, ಆದರೆ ಆ ಹಣ ಚಿತ್ರಕ್ಕೆ ಅನುಮತಿಯಾಗಲಾರದು ಎಂದೆ. ಸಂಗ್ರಹಕಾರರು ಇಂಥ ಡೆಕ್‌ಗಳನ್ನು ಓಡಿಸದೆ ಗೋಡೆಗೆ ತೂಗುಹಾಕುತ್ತಾರೆ ಎಂಬುದು ಅವರ ಇನ್ನೊಂದು ವಾದ. ಅದು ಅರ್ಧ ನಿಜ, ಆದರೂ ಕೊಂಡವರು ಏನು ಮಾಡುತ್ತಾರೆಂಬುದು ನನ್ನ ಕೈಯಲ್ಲಿರಲಿಲ್ಲ.

ಕೊನೆಗೆ ಛಾಯಾಚಿತ್ರವನ್ನು ಸಂಪೂರ್ಣ ಕೈಬಿಟ್ಟು, ಸುಟ್ಟು ಕರಕಲಾದ ಮೆಟ್ಟಿಲಸಾಲೊಂದನ್ನು ನಾನೇ ಕೈಯಿಂದ ಬರೆದೆ. ಅದರಲ್ಲಿ ಮನುಷ್ಯರಿಲ್ಲ. ಮೆಟ್ಟಿಲುಗಳು ಡೆಕ್‌ನ ಎರಡು ತುದಿಗಳಿಂದ ಹೊರಟು ನಡುವೆ ಕಡಿದುಹೋಗುತ್ತವೆ. ಅಲ್ಲಿ ಬಣ್ಣವಿಲ್ಲದ ಬರಿಯ ಮರವನ್ನು ಬಿಟ್ಟಿದ್ದೇನೆ. ಮೊದಲಿನದರಷ್ಟು ಬಿರುಸು ಇದಕ್ಕಿಲ್ಲವೆಂದು ಕಂಪನಿಯವರು ಗೊಣಗಿದರು. ಅವರ ಮಾತು ಸರಿಯೇ ಇರಬಹುದು. ಒಪ್ಪಂದದ ಮುಂಗಡದಲ್ಲಿ ಸ್ವಲ್ಪ ಭಾಗವನ್ನು ಹಿಂದಿರುಗಿಸಿ, ಆ ಮುಖ ಮೂಡಿದ್ದ ಹಳೆಯ ಮುದ್ರಣ ಸ್ಕ್ರೀನ್‌ಗಳನ್ನು ತೊಳೆಸಿಬಿಟ್ಟೆ.