ತಪ್ಪು ಉತ್ತರ ನೋಡಿ ಪಾಠ ಕಳಿಸಿದೆ

ಒಬ್ಬೊಬ್ಬ ಶುಗರ್ ಪೇಷಂಟಿಗೆ ಬೇರೆ ಬೇರೆ ಪಾಠ ವಾಟ್ಸಾಪ್‌ನಲ್ಲಿ ಕಳಿಸ್ತೇನೆ ಅಂದಾಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕ್ಲಿನಿಕ್ಕಿನ ಡಾಕ್ಟರ್ ನಕ್ಕಿದ್ದರು. "ಗುಡ್ ಮಾರ್ನಿಂಗ್ ಹೂವು ಬಿಟ್ಟು ಇವರು ಬೇರೇನೂ ನೋಡಲ್ಲ ಮೇಡಂ." ಈಗ ಹೊಸ ಶುಗರ್ ಪೇಷಂಟ್ ಬಂದರೆ "ಮೇಡಂ ಲಿಸ್ಟಿಗೆ ಸೇರಿಸಿ" ಅನ್ನುವವರು ಅವರೇ. ಸುಮ್ನೆ ಹೇಳಿದೆ.

ಮೊದಲು ಪರಿಚಯದ ಹುಡುಗನಿಂದ ಆ್ಯಪ್ ಮಾಡಿಸಿದೆ. 40 ಸಾವಿರ ಹೋಯ್ತು. ಎರಡನೇ ವಾರ ಅದನ್ನು ತೆರೆದವರು ಮೂವರು, ಅದರಲ್ಲಿ ಒಬ್ಬಳು ನಾನು. ಆಮೇಲೆ ಬ್ರಾಡ್‌ಕಾಸ್ಟ್ ಲಿಸ್ಟ್. ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ ಅಂತ ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಕೊನೆಗೆ ಕೈ ಹಿಡಿದದ್ದು ಬಿಟ್ಟಿ ಗೂಗಲ್ ಶೀಟ್. ಪಾಠ ಅಂದರೆ ಒಂದು ಪ್ರಶ್ನೆ, ಬಂದ ಉತ್ತರ ನೋಡಿ ಒಂದು ವಾಯ್ಸ್. ಯಾರಿಗೆ ಯಾವ ಪ್ರಶ್ನೆ ಅಂತ ಶೀಟು ಆರಿಸುತ್ತದೆ, ಕಳಿಸುವುದು ನಾನು. ಅರವತ್ತು ಚಿಲ್ಲರೆ ಜನಕ್ಕೆ ದಿನಕ್ಕೆ ಮುಕ್ಕಾಲು ಗಂಟೆ. ಸರಿ ಹೇಳಿದರೆ ಅದೇ ವಿಷಯ 3 ದಿನ ಬಿಟ್ಟು, ಮತ್ತೆ ಎಂಟು ಹತ್ತು ದಿನ ಬಿಟ್ಟು. ಮರೆಯದಿರಲಿ ಅಂತ. ನಾನು ಎಡವಿದ್ದು ತಪ್ಪು ಉತ್ತರಗಳಲ್ಲಿ. ಎಲ್ಲ ತಪ್ಪನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

"ಲೋಕಲ್ ಟ್ರೇನಿನಲ್ಲಿದ್ದೀರಿ. ಕೈ ನಡುಗುತ್ತಿದೆ, ಬೆವರು. ಏನು ಮಾಡ್ತೀರಿ?" ಇದು ಶುಗರ್ ತೀರಾ ಇಳಿದಾಗಿನ ಲಕ್ಷಣ. ಚಾಕ್ಲೇಟ್ ತಿನ್ತೇನೆ ಅಂದವರಿಗೆ 20 ಸೆಕೆಂಡಿನ ವಾಯ್ಸ್ ಸಾಕು: ಚಾಕ್ಲೇಟಿನ ಕೊಬ್ಬಿನಿಂದ ಶುಗರ್ ಏರುವುದು ನಿಧಾನ, ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲಿ, ಮೂರು ಚಮಚ ತಿನ್ನಿ, 15 ನಿಮಿಷ ಬಿಟ್ಟು ಚೆಕ್ ಮಾಡಿ. ಇನ್ಸುಲಿನ್ ತಗೋತೇನೆ ಅಂದವರಿಗೆ ಪಾಠ ಇಲ್ಲ, ಆಗಲೇ ಫೋನ್; ಅದು ಶುಗರನ್ನು ಇನ್ನೂ ಇಳಿಸುತ್ತದೆ. ಹೀಗೆ ಒಂದೊಂದು ತಪ್ಪಿಗೂ ಬೇರೆ ದಾರಿ ಹಾಕಿದ ಮೇಲೆಯೇ ಕೆಲಸ ಕುದುರಿದ್ದು.

ಉತ್ತರ ಬಾರದಿದ್ದರೂ ತಪ್ಪು ಅಂತಲೇ ಲೆಕ್ಕ ಇಟ್ಟಿದ್ದೆ. ರಿಟೈರ್ಡ್ ಮೇಷ್ಟ್ರೊಬ್ಬರು ಊರಿಗೆ ಹೋಗಿದ್ದರು. ಶೀಟು ಅವರಿಗೆ ಸುಲಭದ್ದು, ಇನ್ನೂ ಸುಲಭದ್ದು ಆರಿಸುತ್ತಾ ಹೋಯ್ತು. "ಸಕ್ಕರೆ ಸಿಹಿಯೋ ಕಹಿಯೋ ಅಂತ ಕೇಳೋದೊಂದು ಬಾಕಿ ನೋಡಮ್ಮ" ಅಂತ ಬೈದರು.

ಉಡುಪಿ ಕಡೆಯ ಹೋಟೆಲ್ ಅಡುಗೆಯವರಿಗಾಗಿ ತುಳುವಿನಲ್ಲಿ ವಾಯ್ಸ್ ಮಾಡಿದೆ. ನಕ್ಕರು, ಊರಿಗೆಲ್ಲ ಫಾರ್ವರ್ಡ್ ಮಾಡಿದರು, ಉತ್ತರ ಮಾತ್ರ ಕೊಡಲಿಲ್ಲ. ಊಟದ ರಶ್ ಮುಗಿದು ಅವರು ಕಾಲು ಚಾಚುವ ಹೊತ್ತಿಗೆ, ಮೂರೂವರೆಗೆ, ಅದೇ ಪ್ರಶ್ನೆ ಕನ್ನಡದಲ್ಲಿ ಕಳಿಸಿದರೆ ಐದು ನಿಮಿಷದಲ್ಲಿ ಉತ್ತರ!

ಲಿಸ್ಟಿನವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಆರೇಳು ತಿಂಗಳಲ್ಲಿ ಹೆಚ್ಚುಕಮ್ಮಿ 9ರಿಂದ 8ರ ಹತ್ತಿರ ಬಂತು. ಕೆಲವರ ಮಾತ್ರೆ ಬದಲಾಗಿತ್ತು, ಎಲ್ಲ ನನ್ನದೇ ಅನ್ನಲ್ಲ.

ಎಲ್ಲದಕ್ಕೂ ಸರಿ ಉತ್ತರ ಕೊಡುತ್ತಿದ್ದ ಅಣ್ಣ ಒಬ್ಬರಿದ್ದರು. ಒಂದು ದಿನ ಕ್ಲಿನಿಕ್‌ಗೆ ಬಂದು, "ಅಕ್ಕ, ಇನ್ಸುಲಿನ್ ಫ್ರೀಜರ್‌ನಲ್ಲಿ ಗಟ್ಟಿಯಾಗಿದೆ, ಬಿಸಿ ನೀರಲ್ಲಿ ಇಡಲಾ?" ಅಂದರು. ಇಷ್ಟು ದಿನ ಉತ್ತರ ಒತ್ತುತ್ತಿದ್ದವಳು ಕಾಲೇಜಿಗೆ ಹೋಗುವ ಮಗಳು. ಅಂಥವರನ್ನು ಈಗ ಎರಡೇ ವಾರದಲ್ಲಿ ಹಿಡೀತೇನೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಶೀಟಿನಲ್ಲಿ ಆ ಮಗಳಿಗೂ ಬೇರೆ ಸಾಲು ಹಾಕಿದ್ದೇನೆ. ಅಪ್ಪನಿಗಿಂತ ಅವಳೇ ಜಾಸ್ತಿ ತಪ್ಪು ಮಾಡ್ತಾಳೆ.