ಹೊಟ್ಟೆ, ಕರುಳು, ಲಿವರ್ ಪರೀಕ್ಷೆ: ಸ್ಯಾಂಪಲ್ ಕೊಡುವ ಮುನ್ನ ತಿಳಿದಿರಬೇಕಾದ್ದು

ಹಳೆಯ ಭೇದಿ, ಹೊಟ್ಟೆನೋವು, ಕಾಮಾಲೆ ಎಂದು ಡಾಕ್ಟರ ಬಳಿ ಹೋದರೆ ಕೈಗೆ ಬರುವ ಚೀಟಿಯಲ್ಲಿ ಐದಾರು ಪರೀಕ್ಷೆಗಳ ಹೆಸರಿರುತ್ತದೆ. ರಕ್ತದ ಸಾಮಾನ್ಯ ಪರೀಕ್ಷೆಗಳು ಊರಿನ ಲ್ಯಾಬಿನಲ್ಲೇ ಆಗುತ್ತವೆ. ಉಳಿದವು ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯಿಂದ ಹೊರಗಿನ ದೊಡ್ಡ ಲ್ಯಾಬಿಗೆ ಹೋಗುತ್ತವೆ. ಘಟ್ಟದ ರಸ್ತೆಯ ಕುಲುಕಾಟ, ಕರಾವಳಿಯ ಸೆಕೆ ಎರಡನ್ನೂ ದಾಟಿ ಸ್ಯಾಂಪಲ್ ಅಲ್ಲಿಗೆ ಮುಟ್ಟಬೇಕು. ರಿಪೋರ್ಟ್ ತಪ್ಪಾಗುವುದಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚಿನ ಹಂತಗಳೇ ಕಾರಣವಾಗುತ್ತವೆ: ತಪ್ಪು ಹೊತ್ತಿನಲ್ಲಿ ತೆಗೆದ ಮಲ, ನಿಲ್ಲಿಸದೇ ಇದ್ದ ಮಾತ್ರೆ, ಬಿಸಿಲಿಗೆ ಬಿದ್ದ ಟ್ಯೂಬು. ಇವುಗಳಲ್ಲಿ ಬಹುಪಾಲು ರೋಗಿಯ ಮನೆಯವರ ಕೈಯಲ್ಲೇ ಇದೆ.

ಮಲದ ಸ್ಯಾಂಪಲ್

ಎಲ್ಲರೂ ನಾಚಿಕೊಂಡು ಬೇಗ ಮುಗಿಸುವ ಕೆಲಸ ಇದು. ಅದಕ್ಕೇ ಹೆಚ್ಚು ಹಾಳಾಗುವುದೂ ಇದೇ. ಮೊದಲು ಮೂತ್ರ ಮಾಡಿ ಮುಗಿಸಿ. ಮಲಕ್ಕೆ ಮೂತ್ರ ಬೆರೆತರೆ ಅದರಲ್ಲಿರುವ ಜೀವಂತ ಅಮೀಬಾ ಸಾಯುತ್ತದೆ, ಕಮೋಡಿನ ನೀರು ತಾಗಿದರೂ ಸ್ಯಾಂಪಲ್ ಕೆಡುತ್ತದೆ. ಕಮೋಡಿನ ಮೇಲೆ ಒಣಗಿದ ಅಗಲ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡೇ ಬರುವ ಚಮಚದಿಂದ ಅಡಿಕೆ ಗಾತ್ರದಷ್ಟು ತೆಗೆಯಿರಿ. ನೀರಾಗಿದ್ದರೆ ಎರಡು ಟೀ ಚಮಚ ಸಾಕು. ಲೋಳೆ, ರಕ್ತ ಕಂಡ ಭಾಗವನ್ನೇ ಆರಿಸಿ ತೆಗೆಯಬೇಕು, ಚೆಂದ ಕಾಣುವ ಭಾಗವನ್ನಲ್ಲ. ಡಬ್ಬಿಯ ಮೇಲೆ ಹೆಸರಿನ ಜೊತೆಗೆ ಮಲ ಹೋದ ಗಂಟೆಯನ್ನೂ ಬರೆಯಿರಿ. ಈ ಗಂಟೆಯನ್ನು ಬರೆಯುವವರು ತೀರಾ ಕಡಿಮೆ, ಆದರೆ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಏಕೆಂದರೆ ನೀರಾದ ಮಲದಲ್ಲಿ ಓಡಾಡುವ ಅಮೀಬಾ ಕಾಣಬೇಕಾದರೆ ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಅರೆಗಟ್ಟಿಯಾಗಿದ್ದರೆ ಒಂದು ಗಂಟೆ. ಗಟ್ಟಿಯಾಗಿದ್ದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಕೊಟ್ಟರೂ ಅಡ್ಡಿಯಿಲ್ಲ, ಅದರಲ್ಲಿ ಹುಡುಕುವುದು ಹುಳದ ಮೊಟ್ಟೆ ಮತ್ತು ಅಮೀಬಾದ ಗಟ್ಟಿ ಹೊದಿಕೆಯ ರೂಪವಾದ ಸಿಸ್ಟುಗಳನ್ನು. ಒಳಹಳ್ಳಿಯಿಂದ ಬಸ್ಸು ಹಿಡಿದು ಪೇಟೆಗೆ ಬರುವಷ್ಟರಲ್ಲಿ ಆ ಅರ್ಧ ಗಂಟೆ ದಾಟಿಯೇ ಹೋಗಿರುತ್ತದೆ. ಹಾಗಾಗಿ ಭೇದಿ ಇರುವವರು ಲ್ಯಾಬಿಗೇ ಬಂದು ಅಲ್ಲಿನ ಶೌಚಾಲಯದಲ್ಲಿ ಸ್ಯಾಂಪಲ್ ಕೊಡುವುದು ಒಳ್ಳೆಯದು. ಇಲ್ಲವಾದರೆ ಹಿಂದಿನ ದಿನವೇ ಸಂರಕ್ಷಕ ದ್ರವವಿರುವ ಡಬ್ಬಿ ಕೇಳಿ ಪಡೆಯಿರಿ.

ಮೊಟ್ಟೆಗಳು ದಿನವೂ ಬೀಳುವುದಿಲ್ಲ. ಒಂದು ದಿನದ ಮಲದಲ್ಲಿ ಏನೂ ಸಿಗಲಿಲ್ಲವೆಂದರೆ ಹುಳ ಇಲ್ಲವೆಂದು ಅರ್ಥವಲ್ಲ. ದಿನ ಬಿಟ್ಟು ದಿನ, ಹತ್ತು ದಿನದೊಳಗೆ ಮೂರು ಸ್ಯಾಂಪಲ್ ಕೊಡಬೇಕು. ಬರಿಗಾಲಲ್ಲಿ ತೋಟ, ಗದ್ದೆ ತಿರುಗುವವರಿಗೆ ಹಿಮೋಗ್ಲೋಬಿನ್ ಇಳಿದು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಏರಿದ್ದರೆ ಕೊಕ್ಕೆಹುಳವನ್ನು ಹುಡುಕಲೇಬೇಕು. ಆದರೆ ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಹುಳದ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ಜಠರ ಮತ್ತು ದೊಡ್ಡ ಕರುಳು ಎರಡನ್ನೂ ಎಂಡೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ, ನೋಡಬೇಕು.

ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೇಕಿದ್ದರೆ ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನವೇ ಸ್ಯಾಂಪಲ್ ತೆಗೆಯಿರಿ. ಲ್ಯಾಬು ಮುಟ್ಟಲು ಎರಡು ಗಂಟೆಗಿಂತ ಹೆಚ್ಚಾಗುವುದಾದರೆ ಬ್ಯಾಕ್ಟೀರಿಯಾವನ್ನು ಜೀವಂತ ಇಡುವ ಕ್ಯಾರಿ-ಬ್ಲೇರ್ ಟ್ಯೂಬಿನಲ್ಲಿ ಕಳಿಸಬೇಕು. ಅಕ್ಕಿ ತೊಳೆದ ನೀರಿನಂತೆ ಭೇದಿಯಾಗುತ್ತಿದ್ದರೆ ರಿಪೋರ್ಟಿಗೆ ಕಾಯಬೇಡಿ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಯಲ್ಲಿ ಎರಡು ಬಗೆ, ಯಾವುದು ಎಂದು ಲ್ಯಾಬಿನಲ್ಲಿ ಕೇಳಿಕೊಳ್ಳಿ. ಹಳೆಯ ಗ್ವಾಯಕ್ ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಕುರಿ, ಮೇಕೆ ಮಾಂಸ ಬೇಡ. ದಿನಕ್ಕೆ 250 ಮಿಲಿಗ್ರಾಂ ಮೀರಿ ವಿಟಮಿನ್ ಸಿ ಕೂಡ ಬೇಡ, ಅದು ಇರುವ ರಕ್ತವನ್ನೂ ಮರೆಮಾಡುತ್ತದೆ. ಹೊಸ ಫಿಟ್ ಪರೀಕ್ಷೆ ಮನುಷ್ಯರ ಹಿಮೋಗ್ಲೋಬಿನ್ ಒಂದನ್ನೇ ಹಿಡಿಯುವುದರಿಂದ ಪಥ್ಯವಿಲ್ಲ. ಅದರ ಶತ್ರು ಸೆಕೆ. ಏಪ್ರಿಲ್-ಮೇ ತಿಂಗಳಲ್ಲಿ ಡಬ್ಬಿ ಕಾರಿನೊಳಗೋ ಕಿಟಕಿ ಪಕ್ಕದಲ್ಲೋ ಉಳಿದರೆ ಹಿಮೋಗ್ಲೋಬಿನ್ ಒಡೆದು ರಿಪೋರ್ಟ್ ಸುಳ್ಳಾಗಿ ನೆಗೆಟಿವ್ ಬರುತ್ತದೆ. ಅದೇ ದಿನ ಕೊಡಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಇನ್ನೊಂದು ಮಾತು: ಜಠರದ ಹುಣ್ಣಿನಿಂದ ಸೋರುವ ರಕ್ತ ದಾರಿಯಲ್ಲೇ ಜೀರ್ಣವಾಗುತ್ತದೆ, ಹಾಗಾಗಿ ಫಿಟ್ ನೆಗೆಟಿವ್ ಇದ್ದರೂ ಹುಣ್ಣಿಲ್ಲವೆನ್ನಲಾಗದು. ಬೀಟ್‌ರೂಟ್ ತಿಂದಾಗಿನ ಕೆಂಪಿಗೆ, ಕಬ್ಬಿಣದ ಮಾತ್ರೆಯ ಕಪ್ಪಿಗೆ ಹೆದರಬೇಕಿಲ್ಲ. ಡಾಂಬರಿನಂತೆ ಅಂಟುವ, ಕೆಟ್ಟ ನಾತದ ಕಪ್ಪು ಮಲ ಕಂಡರೆ ಮಾತ್ರ ಲ್ಯಾಬಿಗಲ್ಲ, ನೇರ ಆಸ್ಪತ್ರೆಗೆ.

ತಿಂಗಳುಗಟ್ಟಲೆ ಭೇದಿ ಇದ್ದವರಿಗೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ನೋಡುವ ಪರೀಕ್ಷೆ ಬರೆಯುತ್ತಾರೆ. ಒಂದು ಗ್ರಾಂ ಮಲಕ್ಕೆ 50 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕರುಳಿನಲ್ಲಿ ಉರಿಯೂತವಿರುವ ಸಾಧ್ಯತೆ ತೀರಾ ಕಡಿಮೆ. 250 ದಾಟಿದರೆ ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಎಂಡೋಸ್ಕೋಪಿ) ಬೇಕಾಗುತ್ತದೆ. ನಡುವಿನದ್ದನ್ನು ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಮೈಕೈನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇದನ್ನು ಏರಿಸುತ್ತವೆ. ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಿ. ಕರುಳಿನ ಕ್ಷಯದಲ್ಲೂ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲೂ ಈ ಅಂಕಿ ಏರುತ್ತದೆ, ಎರಡನ್ನೂ ಬೇರ್ಪಡಿಸುವ ಶಕ್ತಿ ಇದಕ್ಕಿಲ್ಲ.

ಗ್ಯಾಸ್ ಮಾತ್ರೆ, ಗೋಧಿ

ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ಉಸಿರಿನ ಪರೀಕ್ಷೆಯಲ್ಲೋ ಮಲದ ಆ್ಯಂಟಿಜನ್ ಪರೀಕ್ಷೆಯಲ್ಲೋ ಹುಡುಕುತ್ತಾರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಂಬ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಬ್ಯಾಕ್ಟೀರಿಯಾ ಸಾಯದೆ ಅಡಗುತ್ತದೆ, ರಿಪೋರ್ಟ್ ನೆಗೆಟಿವ್ ಬರುತ್ತದೆ. ಈ ಮಾತ್ರೆಗಳನ್ನು ಎರಡು ವಾರ, ಆ್ಯಂಟಿಬಯೋಟಿಕ್ ಮತ್ತು ಬಿಸ್ಮತ್ ಔಷಧಗಳನ್ನು ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ನಡುವೆ ಉರಿ ತಡೆಯದಿದ್ದರೆ ಆ್ಯಂಟಾಸಿಡ್ ಸಿರಪ್ ಕುಡಿಯಬಹುದು, ಪರೀಕ್ಷೆಯ ಬೆಳಿಗ್ಗೆ ಮಾತ್ರ ಬೇಡ. ಆದರೆ ಹುಣ್ಣಿನಿಂದ ಇತ್ತೀಚೆಗೆ ರಕ್ತಸ್ರಾವವಾದವರು, ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಗ್ಯಾಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ರಕ್ತದಲ್ಲಿ ನೋಡುವ ಪೈಲೊರಿ ಆ್ಯಂಟಿಬಾಡಿಗೆ ದುಡ್ಡು ಹಾಕಬೇಡಿ. ವಾಸಿಯಾದ ಮೇಲೂ ಅದು ಬಹುಕಾಲ ಪಾಸಿಟಿವ್ ಉಳಿಯುತ್ತದೆ. ಚಿಕಿತ್ಸೆ ಮುಗಿದು ನಾಲ್ಕು ವಾರವಾದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಿ.

ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಗೆ ನೋಡುವ ಟಿಟಿಜಿ-ಐಜಿಎ ಆ್ಯಂಟಿಬಾಡಿ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ್ದೊಂದಿದೆ. ಗೋಧಿಯ ಗ್ಲುಟನ್ ಹೊಟ್ಟೆಗೆ ಹೋಗುತ್ತಿದ್ದರೆ ಮಾತ್ರ ಈ ಆ್ಯಂಟಿಬಾಡಿ ಏರಿರುತ್ತದೆ. ಗಂಜಿ, ಅನ್ನ, ದೋಸೆಯಲ್ಲೇ ದಿನ ಕಳೆಯುವ ಮನೆಯಲ್ಲಿ, ಅದರಲ್ಲೂ ಹೊಟ್ಟೆ ಸರಿಯಿಲ್ಲವೆಂದು ಚಪಾತಿ ಬಿಟ್ಟವರಲ್ಲಿ, ಕಾಯಿಲೆ ಇದ್ದೂ ರಿಪೋರ್ಟ್ ನೆಗೆಟಿವ್ ಬರಬಹುದು. ಡಾಕ್ಟರ ಸಲಹೆಯಂತೆ ದಿನಕ್ಕೆ ಎರಡು ಹೋಳು ಗೋಧಿ ಬ್ರೆಡ್ ಅಥವಾ ಎರಡು ಚಪಾತಿ, ಆರರಿಂದ ಎಂಟು ವಾರ ತಿಂದು ಆಮೇಲೆ ರಕ್ತ ಕೊಡಬೇಕು. ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ನೋಡಿಸಿ, ಅದೇ ಕಡಿಮೆಯಿದ್ದರೆ ಟಿಟಿಜಿ-ಐಜಿಎಗೆ ಅರ್ಥವಿಲ್ಲ.

ಮಳೆಗಾಲದ ಕಾಮಾಲೆ

ಮೈ ಹಳದಿ ಮಾಡುವ ಬಿಲಿರುಬಿನ್ ಎಷ್ಟು ಎಂದಷ್ಟೇ ಕೇಳುವ ರೂಢಿ ನಮ್ಮಲ್ಲಿದೆ. ಕಾಮಾಲೆಯ ಮೂಲ ಹೇಳುವುದು ಅದರ ಪಕ್ಕದ ಸಾಲುಗಳು. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಸಾವಿರ ದಾಟಿದ್ದರೆ ಸಾಮಾನ್ಯವಾಗಿ ವೈರಸ್ ಅಥವಾ ಔಷಧದಿಂದಾದ ಹಾನಿ. ಬಾವಿ ನೀರು ಕೆಟ್ಟಿದ್ದರೆ ಹೆಪಟೈಟಿಸ್ ಎ ಮತ್ತು ಇ ಎರಡರ ಐಜಿಎಂ (ಹೊಸ ಸೋಂಕಿನ ಆ್ಯಂಟಿಬಾಡಿ) ನೋಡಿಸಿ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಜೀವಕ್ಕೇ ಅಪಾಯ. ಒಂದು ದಿನವೂ ಮನೆಯಲ್ಲಿ ಕಾಯಬೇಡಿ. ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎಂಬ ಕಿಣ್ವಗಳೆರಡೂ ಏರಿ, ಮಲ ಬಿಳಿಚಿ, ಮೈ ತುರಿಸುತ್ತಿದ್ದರೆ ಪಿತ್ತನಾಳಕ್ಕೆ ಅಡ್ಡಿಯಾಗಿರುವ ಸಾಧ್ಯತೆ ಹೆಚ್ಚು. ಆಗ ಬೇಕಾದ್ದು ಸ್ಕ್ಯಾನಿಂಗು, ಎಲೆಮದ್ದಲ್ಲ. ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವ ಎಸ್‌ಜಿಪಿಟಿಯ ದುಪ್ಪಟ್ಟಿಗಿಂತ ಹೆಚ್ಚಿದ್ದು, ಎರಡೂ ನಾಲ್ಕುನೂರರೊಳಗಿದ್ದರೆ ಮದ್ಯದ ಕಡೆ ಅನುಮಾನ ಹೋಗುತ್ತದೆ. ಇಂಡೈರೆಕ್ಟ್ ಬಿಲಿರುಬಿನ್ ಒಂದೇ ತುಸು ಏರಿ ಉಳಿದೆಲ್ಲ ಸರಿಯಿದ್ದು ರಕ್ತಕಣಗಳೂ ಒಡೆಯದಿದ್ದರೆ ಅದು ಹೆಚ್ಚಾಗಿ ಗಿಲ್ಬರ್ಟ್, ಉಪವಾಸ ಮಾಡಿದಾಗ ಏರುವ ನಿರುಪದ್ರವಿ ಸ್ವಭಾವ.

ಗದ್ದೆ ಕೆಸರಿನಲ್ಲಿ ದುಡಿದವರಿಗೆ ಜ್ವರ, ಮೀನಖಂಡದ ನೋವು ಬಂದು ಕಣ್ಣು ಹಳದಿಯಾದರೆ ಇಲಿಜ್ವರವನ್ನು ಮರೆಯಬೇಡಿ. ಇದರಲ್ಲಿ ಬಿಲಿರುಬಿನ್ ಬಹಳ ಏರಿದ್ದರೂ ಎಸ್‌ಜಿಪಿಟಿ ಅಷ್ಟಾಗಿ ಏರಿರುವುದಿಲ್ಲ. ಕಿಡ್ನಿಯ ಪೆಟ್ಟು ತೋರುವ ಕ್ರಿಯಾಟಿನಿನ್ ಮತ್ತು ಸ್ನಾಯುವಿನ ಪೆಟ್ಟು ತೋರುವ ಸಿಪಿಕೆ ಏರಿರುತ್ತವೆ. ಐಜಿಎಂ ಪಾಸಿಟಿವ್ ಆಗಲು ಜ್ವರ ಶುರುವಾಗಿ ಐದರಿಂದ ಏಳು ದಿನ ಬೇಕು. ಮೂರನೇ ದಿನದ ನೆಗೆಟಿವ್ ರಿಪೋರ್ಟ್ ನಂಬಿ ಚಿಕಿತ್ಸೆ ತಡಮಾಡಬಾರದು.

ಕುಡಿಯುತ್ತಿರುವ ಕಷಾಯಗಳನ್ನೆಲ್ಲ ಡಾಕ್ಟರಿಗೆ ಹೇಳಿ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದದ್ದು ನಮ್ಮ ದೇಶದಲ್ಲೇ ದಾಖಲಾಗಿದೆ. ಇದನ್ನು ಮುಚ್ಚಿಟ್ಟರೆ ಹತ್ತು ಪರೀಕ್ಷೆ ಮಾಡಿಸಿದರೂ ಕಾರಣ ಸಿಗುವುದಿಲ್ಲ.

ಲಿವರಿನ ಕೆಲಸ ಎಷ್ಟು ಕುಂದಿದೆ ಎಂದು ತಿಳಿಸುವುದು ಐಎನ್‌ಆರ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಂಕಿ. ಅದರ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಲೆಕ್ಕವಿದೆ. ಗೆರೆಯವರೆಗೆ ರಕ್ತ ತುಂಬದಿದ್ದರೆ ಐಎನ್‌ಆರ್ ಸುಳ್ಳಾಗಿ ಏರುತ್ತದೆ. ಕಡಿಮೆ ಕಂಡರೆ ಅಲ್ಲೇ ಹೇಳಿ ಇನ್ನೊಂದು ಟ್ಯೂಬು ತೆಗೆಸಿ. ಬಿಲಿರುಬಿನ್ ಬೆಳಕಿಗೆ ಒಡೆಯುತ್ತದೆ, ಅದನ್ನು ನೋಡುವ ಟ್ಯೂಬಿಗೆ ಬಿಸಿಲು ತಾಗಬಾರದು. ಸ್ಯಾಂಪಲ್ ಹೊರಗೆ ಹೋಗುವುದಾದರೆ ಕಲೆಕ್ಷನ್ ಸೆಂಟರಿನಲ್ಲಿ ಒಂದು ಪ್ರಶ್ನೆ ಕೇಳಿ: ಸೀರಮ್ (ರಕ್ತಕಣ ತೆಗೆದ ತಿಳಿ ದ್ರವ) ಬೇರ್ಪಡಿಸಿ ಕಳಿಸುತ್ತೀರಾ? ಇಡೀ ರಕ್ತವನ್ನೇ ದೇವಿಮನೆ ಘಾಟಿನಲ್ಲೋ ಅರಬೈಲಿನಲ್ಲೋ ಕುಲುಕುತ್ತ ಸಾಗಿಸಿದರೆ, ಐಸ್‌ಪ್ಯಾಕಿಗೆ ನೇರ ತಾಗಿಸಿಟ್ಟರೆ, ಕೆಂಪು ಕಣ ಒಡೆದು ಎಸ್‌ಜಿಒಟಿ, ಎಲ್‌ಡಿಎಚ್, ಪೊಟ್ಯಾಸಿಯಂ ಎಲ್ಲ ಸುಳ್ಳಾಗಿ ಏರುತ್ತವೆ.

ಲಿವರಿನಲ್ಲಿ ನಾರು ಕಟ್ಟುತ್ತಿದೆಯೇ ಎಂದು ಅಂದಾಜಿಸುವ ಫಿಬ್-4 ಲೆಕ್ಕಕ್ಕೆ ಹೊಸ ಪರೀಕ್ಷೆ ಬೇಡ, ಇರುವ ರಿಪೋರ್ಟೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ; ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 52, ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ ಎಂದಿಟ್ಟುಕೊಳ್ಳಿ. ಲಕ್ಷವನ್ನು ಸಾವಿರದಲ್ಲಿ, ಅಂದರೆ 160 ಎಂದು ಬರೆಯಬೇಕು, ತಪ್ಪುವುದು ಇಲ್ಲೇ. 3328ನ್ನು 1120ರಿಂದ ಭಾಗಿಸಿದರೆ 2.97. 1.3ರೊಳಗಿದ್ದರೆ ಚಿಂತೆ ಕಡಿಮೆ, 2.67 ದಾಟಿದರೆ ತಜ್ಞರನ್ನು ನೋಡಲೇಬೇಕು. ತೀವ್ರ ಕಾಮಾಲೆಯ ನಡುವೆ ಈ ಲೆಕ್ಕ ಹಾಕಬೇಡಿ, ಅರವತ್ತೈದು ದಾಟಿದವರಿಗೆ ಕೆಳಗಿನ ಗಡಿ 2.0. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಖರ್ಚಿನ ಭಯಕ್ಕೆ ಬಿಡಬೇಡಿ.

ಬೆನ್ನಿಗೆ ಹಾಯುವ ಹೊಟ್ಟೆನೋವು

ಮೇದೋಜೀರಕ ಗ್ರಂಥಿಯ ಊತದ ಅನುಮಾನವಿದ್ದರೆ ಲೈಪೇಸ್ ಎಂಬ ಕಿಣ್ವ ನೋಡಿಸಿ. ಇನ್ನೊಂದು ಕಿಣ್ವ ಅಮೈಲೇಸ್ ಮೂರರಿಂದ ಐದು ದಿನದಲ್ಲಿ ಇಳಿದುಬಿಡುತ್ತದೆ, ಲೈಪೇಸ್ ಎಂಟರಿಂದ ಹದಿನಾಲ್ಕು ದಿನ ಏರಿಯೇ ಇರುತ್ತದೆ. ತಡವಾಗಿ ಆಸ್ಪತ್ರೆ ಸೇರಿದವರಲ್ಲಿ ಈ ವ್ಯತ್ಯಾಸ ದೊಡ್ಡದು. ಸಾಮಾನ್ಯ ಗಡಿಯ ಮೂರು ಪಟ್ಟು ದಾಟಿದರೆ ಅದಕ್ಕೆ ತೂಕ. ದಿನವೂ ಅಳೆಯುವುದರಿಂದ ಕಾಯಿಲೆ ಎಷ್ಟು ಉಲ್ಬಣಿಸಿದೆಯೆಂದು ತಿಳಿಯುವುದಿಲ್ಲ. ಸಿಇಎ, ಸಿಎ 19-9 ಎಂಬ ಕ್ಯಾನ್ಸರ್ ಮಾರ್ಕರುಗಳನ್ನೂ ಸುಮ್ಮನೆ ಹೆಲ್ತ್ ಪ್ಯಾಕೇಜಿನಲ್ಲಿ ಮಾಡಿಸಬೇಡಿ: ಬೀಡಿ-ಸಿಗರೇಟು ಸೇದುವವರಲ್ಲಿ ಮೊದಲನೆಯದೂ, ಪಿತ್ತನಾಳದ ಅಡ್ಡಿಯಲ್ಲಿ ಎರಡನೆಯದೂ ಕ್ಯಾನ್ಸರ್ ಇಲ್ಲದೆಯೇ ಏರುತ್ತವೆ.

ಹೊಟ್ಟೆ ಸ್ಕ್ಯಾನಿಂಗಿಗೆ ಆರರಿಂದ ಎಂಟು ಗಂಟೆ ಉಪವಾಸ ಬೇಕು. ನೀರು ಕುಡಿಯಬಹುದು. ಹಾಲು ಹಾಕಿದ ಚಹಾ ಒಂದು ಲೋಟ ಕುಡಿದರೂ ಪಿತ್ತಕೋಶ ಮುದುಡಿ ಕಲ್ಲು ಕಾಣದೆ ಹೋಗಬಹುದು. ಬೆಳಗಿನ ಕವಳವನ್ನೂ (ಎಲೆಅಡಿಕೆ) ಅಂದು ಬಿಡಿ.

ಕೊಲೊನೋಸ್ಕೋಪಿ

ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲು ನಿಲ್ಲಿಸಿ. ಎರಡು ದಿನ ಮೊದಲಿನಿಂದ ಹರಿವೆ, ಬಸಳೆ, ಪೇರಲೆ, ಟೊಮೆಟೊ, ತೌಡಿರುವ ಕೆಂಪು ಕುಚ್ಚಲಕ್ಕಿ ಬೇಡ. ಬಿಳಿ ಅನ್ನ, ಮೊಸರು, ಇಡ್ಲಿ ಸಾಕು. ಹಿಂದಿನ ದಿನ ತಿಳಿ ದ್ರವ ಮಾತ್ರ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ. ಮುರುಗಲು (ಕೋಕಂ) ಪಾನಕ ಬೇಡವೇ ಬೇಡ, ಅದರ ಕೆಂಪು ಕರುಳಿನ ಗೋಡೆಯಲ್ಲಿ ರಕ್ತವೆಂದು ತೋರುತ್ತದೆ. ಕಿಡ್ನಿ ತೊಂದರೆಯಿದ್ದವರು ಎಳನೀರನ್ನೂ ಕೇಳಿಯೇ ಕುಡಿಯಬೇಕು.

ಭೇದಿಯ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಕಾಲು ಗಂಟೆಗೊಂದು ಲೋಟದಂತೆ ಕುಡಿದು, ಎರಡು ಗಂಟೆ ಮೊದಲೇ ಮುಗಿಸಬೇಕು. ಎಲ್ಲವನ್ನೂ ಹಿಂದಿನ ರಾತ್ರಿಯೇ ಕುಡಿದರೆ ಬೆಳಗಾಗುವಷ್ಟರಲ್ಲಿ ಕರುಳಿನ ಬಲಭಾಗ ಮತ್ತೆ ಮಸುಕಾಗುತ್ತದೆ, ಚಪ್ಪಟೆ ಗಂಟುಗಳು ತಪ್ಪಿಹೋಗುವುದು ಅಲ್ಲೇ. ಘಟ್ಟ ಇಳಿದು ಬರುವವರಿಗೆ ಎರಡನೇ ಅರ್ಧ ಬಸ್ಸಿನಲ್ಲಿ ಕುಡಿಯುವ ಕೆಲಸವಲ್ಲ. ಹಿಂದಿನ ದಿನವೇ ಬಂದು ಆಸ್ಪತ್ರೆ ಹತ್ತಿರ ಉಳಿಯಿರಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಇನ್ನೂ ಕದಡಿದ್ದರೆ ಟೇಬಲ್ ಮೇಲೆ ಮಲಗುವ ಮುನ್ನವೇ ಸಿಸ್ಟರಿಗೆ ಹೇಳಿ.

ಕರುಳಿನ ಕ್ಷಯದ ಅನುಮಾನವಿದ್ದರೆ ತುಣುಕು ತೆಗೆಯುವ ಮುನ್ನ ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕಾದ್ದು ಒಂದಿದೆ. ಬಯಾಪ್ಸಿಗೆ ಹೋಗುವ ತುಣುಕು ಫಾರ್ಮಲಿನ್ ಬಾಟಲಿಗೆ, ಕ್ಷಯದ ಕಲ್ಚರ್ ಮತ್ತು ಕ್ಷಯದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟಿಗೆ ಹೋಗುವ ತುಣುಕು ಸ್ಟೆರೈಲ್ ಸಲೈನ್ ಬಾಟಲಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಬೆಳೆಯುವುದೇ ಇಲ್ಲ, ರೋಗಿ ಮತ್ತೊಮ್ಮೆ ಎರಡು ಲೀಟರ್ ಕುಡಿಯಬೇಕಾಗುತ್ತದೆ.